ಓಡುವ ಹಣ, ಓಡಲಾಗದ ಹಣ



ಹಿಂಸಾಚಾರ ನಡೆದರೆ ಬಂಡವಾಳಕ್ಕೆ ಏನಾಗುತ್ತದೆ ಎಂಬ ವಿಷಯ ಕೊಟ್ಟಿದ್ದೀರಿ. ನಾನು ಅರ್ಥಶಾಸ್ತ್ರ ಓದಿದವಳಲ್ಲ. ಮುಂಬಯಿಯ ಬ್ಯಾಂಕೊಂದರಲ್ಲಿ ಮೂವತ್ತು ವರ್ಷ ದುಡಿದವಳು. ಕೌಂಟರಿನಿಂದ ಕಂಡದ್ದನ್ನು ಹೇಳುತ್ತೇನೆ.

1992ರ ಡಿಸೆಂಬರ್ ಮತ್ತು 1993ರ ಜನವರಿಯ ಗಲಭೆಗಳಲ್ಲಿ ಈ ಊರಿನಲ್ಲಿ ಸುಮಾರು 900 ಜನ ಸತ್ತರು. ಮಾರ್ಚ್ 12ರ ಶುಕ್ರವಾರ ಸರಣಿ ಸ್ಫೋಟಗಳಲ್ಲಿ ಮತ್ತೆ 257 ಜನ. ಮೊದಲ ಬಾಂಬು ಸಿಡಿದದ್ದೇ ದಲಾಲ್ ಸ್ಟ್ರೀಟಿನ ಷೇರುಪೇಟೆ ಕಟ್ಟಡದಲ್ಲಿ. ಆದರೂ ಸೋಮವಾರ ಪೇಟೆ ತೆರೆಯಿತು. ಮುಂಬಯಿ ಬಿದ್ದರೂ ಏಳುತ್ತದೆ ಎಂದು ನಾವೆಲ್ಲ ಹೆಮ್ಮೆಪಟ್ಟೆವು.

ಆದರೆ ನಮ್ಮ ಶಾಖೆಯಿಂದ ಸಾಲ ಪಡೆದು ಎರಡು ಹೊಲಿಗೆ ಯಂತ್ರ ಕೊಂಡಿದ್ದ ಜೋಗೇಶ್ವರಿಯ ಒಬ್ಬಾಕೆ ಏಳಲಿಲ್ಲ. ಜನವರಿಯಲ್ಲೇ ಆಕೆಯ ಅಂಗಡಿ ಸುಟ್ಟುಹೋಗಿತ್ತು. ಕಂತು ಬಾಕಿಯಿದೆಯೆಂದು ನೋಟಿಸ್ ಟೈಪ್ ಮಾಡಿದವಳು ನಾನೇ. ವಿಳಾಸದಾರರು ಇಲ್ಲಿಲ್ಲ ಎಂಬ ಷರಾದೊಂದಿಗೆ ಅದು ಮರಳಿ ಬಂತು. ವಿಚಾರಿಸಿದರೆ, ಮುಂಬ್ರಾಕ್ಕೆ ಹೋದರಂತೆ ಎಂದರು. ಹಾಗೆ ಮನೆ ಬಿಟ್ಟು ಹೋದ ಕುಟುಂಬಗಳು ಎಷ್ಟೋ.

ಷೇರನ್ನು ಒಂದು ಫೋನಿನಲ್ಲಿ ಮಾರಬಹುದು. ಅಂಗಡಿಯ ಜಾಗವನ್ನು, ಗಿರಾಕಿಗಳ ನಂಬಿಕೆಯನ್ನು ಗಂಟು ಕಟ್ಟಿ ಒಯ್ಯಲಾಗದು. ಆಮೇಲೆ ಆ ಕಡೆಯಿಂದ ಬಂದ ಸಾಲದ ಅರ್ಜಿಗಳಿಗೆ ನಮ್ಮಲ್ಲಿ ಹೆಚ್ಚಿನ ಜಾಮೀನು ಕೇಳತೊಡಗಿದರು. ಸುಟ್ಟದ್ದು ಕಣ್ಣಿಗೆ ಕಾಣುತ್ತದೆ. ಭಯದಿಂದ ಬಾರದೇ ಹೋದ ಬಂಡವಾಳ ಕಾಣುವುದಿಲ್ಲ.

ಅದನ್ನು ಅಳೆದವರೂ ಇದ್ದಾರೆ. ಸ್ಪೇನಿನ ಬಾಸ್ಕ್ ಪ್ರದೇಶ ಕೈಗಾರಿಕೆಗಳಿಂದ ಸಿರಿವಂತವಾಗಿತ್ತು. ಅಲ್ಲಿ ಇಟಿಎ ಎಂಬ ಸಶಸ್ತ್ರ ಸಂಘಟನೆ ಉದ್ಯಮಿಗಳನ್ನು ಅಪಹರಿಸಿ, ಬೆದರಿಸಿ ಹಣ ಕೀಳುತ್ತಿತ್ತು. ಹಿಂಸೆ ಇಲ್ಲದಿದ್ದರೆ ಇರಬಹುದಾಗಿದ್ದ ತಲಾ ಆದಾಯಕ್ಕಿಂತ ಅಲ್ಲಿನ ಆದಾಯ ಸುಮಾರು ಶೇ. 10ರಷ್ಟು ಕುಗ್ಗಿತೆಂದು ಇಬ್ಬರು ಅರ್ಥಶಾಸ್ತ್ರಜ್ಞರು 2003ರಲ್ಲಿ ಲೆಕ್ಕ ಹಾಕಿದರು. 1998-99ರ ಕದನವಿರಾಮ ಉಳಿಯುತ್ತದೆಂದು ನಂಬಿಕೆ ಬಂದಾಗ ಅಲ್ಲಿನ ಕಂಪನಿಗಳ ಷೇರುಗಳು ಚೇತರಿಸಿಕೊಂಡವು. ವಿರಾಮ ಮುರಿದಾಗ ಸೊರಗಿದವು. ಹಣ ನೋಡುವುದು ಇಂದಿನ ಶಾಂತಿಯನ್ನಲ್ಲ, ನಾಳೆಯೂ ಅದು ಇದ್ದೀತೇ ಎಂಬುದನ್ನು.

ನಮ್ಮಲ್ಲಿ ಅನೇಕರು ಟೈಲರಿಂಗ್, ಕ್ಯಾಟರಿಂಗ್, ಬ್ಯೂಟಿ ಪಾರ್ಲರ್ ನಡೆಸುತ್ತಿದ್ದೀರಿ. ಅಂಗಡಿಗೆ ವಿಮೆ ಮಾಡಿಸಿ. ಗಲಭೆಯ ನಷ್ಟ ಅದರಲ್ಲಿ ಸೇರಿದೆಯೇ, ಭಯೋತ್ಪಾದನೆಯ ನಷ್ಟಕ್ಕೆ ಬೇರೆ ಹಣ ಕಟ್ಟಬೇಕೇ ಎಂದು ಕೇಳಿ ತಿಳಿದುಕೊಳ್ಳಿ. ಆ ತಾಯಿಗೆ ವಿಮೆ ಇರಲಿಲ್ಲ. ಇದೆಯೇ ಎಂದು ಸಾಲ ಕೊಡುವಾಗ ನಾವೂ ಕೇಳಲಿಲ್ಲ.