ಏರುದಾರಿಯಲ್ಲಿ ಕುದಿದ ಕಾರು

ದೇವನಹಳ್ಳಿಯ ಕೋಟೆಯನ್ನು ಹಿಂದಿಕ್ಕಿ ನಂದಿಬೆಟ್ಟದತ್ತ ಹೊರಟ ಹಳೆಯ ಅಂಬಾಸಿಡರ್ ಕಾರು, ಬೆಟ್ಟದ ತಿರುವಿನಲ್ಲಿ ಬಾನೆಟ್ ತೆರೆದು ಹಬೆಯಾಡುತ್ತ ನಿಂತ ದೃಶ್ಯವನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ಆ ಕಾರಿನ ತಯಾರಿಕೆ 2014ರಲ್ಲಿಯೇ ನಿಂತಿತು. ಆದರೂ ಅದನ್ನು ಮನೆಯ ಹಿರಿಯರಂತೆ ಕಾಪಾಡಿಕೊಂಡು ಬಂದವರಿದ್ದಾರೆ, ನಾನೂ ಅವರಲ್ಲೊಬ್ಬ.

ಕಾರು ಕುದಿಯುವುದಕ್ಕೆ ಬೆಟ್ಟದ ಏರೇ ಕಾರಣವೆಂದು ಹೇಳುವುದುಂಟು. ಅದು ಅರ್ಧ ಸತ್ಯ. ಏರಿನಲ್ಲಿ ಎಂಜಿನ್ ಹೆಚ್ಚು ದುಡಿಯುತ್ತದೆ. ವೇಗ ತಗ್ಗುವುದರಿಂದ ರೇಡಿಯೇಟರಿಗೆ ತಗಲುವ ಗಾಳಿಯೂ ಕಡಿಮೆ. ಸಾಲದೆಂಬಂತೆ, 1,478 ಮೀಟರ್ ಎತ್ತರದ ನಂದಿಯ ನೆತ್ತಿಯಲ್ಲಿ ತೆರೆದ ಪಾತ್ರೆಯ ನೀರು ಸುಮಾರು 95 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ರೇಡಿಯೇಟರಿಗೆ ಒತ್ತಡದ ಮುಚ್ಚಳವಿರುವುದು ಇದಕ್ಕಾಗಿಯೇ. ಚದರ ಅಂಗುಲಕ್ಕೆ 7 ಪೌಂಡು ಒತ್ತಡವನ್ನು ಹಿಡಿದಿಡುವ ಮುಚ್ಚಳವು ಕುದಿಯುವ ಬಿಂದುವನ್ನು ಹತ್ತು ಹನ್ನೊಂದು ಡಿಗ್ರಿಯಷ್ಟು ಮೇಲಕ್ಕೊಯ್ಯುತ್ತದೆ. ಅದರ ರಬ್ಬರು ಬಿರಿದರೆ ಆ ರಕ್ಷೆ ಇಲ್ಲ.

ಉಳಿದರ್ಧ ಸತ್ಯವಿರುವುದು ನಾವು ಸುರಿಯುವ ನೀರಿನಲ್ಲಿ. ಕೊಳವೆಬಾವಿಯ ಗಡಸು ನೀರು ಸ್ನಾನದ ಹಂಡೆಯಲ್ಲಿ ಕಟ್ಟುವ ಬಿಳಿಯ ಸುಣ್ಣವನ್ನೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿಯೂ ಕಟ್ಟುತ್ತದೆ. ತಾಮ್ರವು ಶಾಖವನ್ನು ಸಲೀಸಾಗಿ ದಾಟಿಸುತ್ತದೆ, ಸುಣ್ಣವು ತಡೆಯುತ್ತದೆ.

ಇದನ್ನರಿಯದೆ ನಾನು ಒಬ್ಬರ ಮಾತು ಕೇಳಿ ಥರ್ಮೋಸ್ಟಾಟನ್ನೇ ತೆಗೆಸಿದೆ. ನೀರು ಸರಾಗವಾಗಿ ಹರಿದೀತೆಂಬ ಆಸೆ. ಚಳಿಯ ಮುಂಜಾವಿನಲ್ಲಿ ಎಂಜಿನ್ ಬೇಗ ಹದಕ್ಕೆ ಬರದೆ ಪೆಟ್ರೋಲು ಕುಡಿಯಿತು. ಏರಿನಲ್ಲಿ ಮೊದಲಿನಂತೆಯೇ ಕುದಿಯಿತು. ಆತುರದಿಂದ ಮುಚ್ಚಳ ತಿರುಗಿಸಿದೆ. ಚಿಮ್ಮಿದ ಹಬೆ ಮುಂಗೈಯನ್ನು ಸುಟ್ಟಿತು. ಆ ಕಲೆ ಇಂದಿಗೂ ಇದೆ.

ಅನಂತರ ವಿದ್ಯುತ್ ಫ್ಯಾನು ಹಾಕಿಸಿ, ಇನ್ನೂ ಹೆಚ್ಚಿನ ಒತ್ತಡದ ಮುಚ್ಚಳ ಹಾಕಿಸಿ ಎಂಬ ಸಲಹೆಗಳು ಬಂದವು. ಎರಡೂ ತಪ್ಪೆನ್ನಲಾರೆ. ಆದರೆ ಫ್ಯಾನು ಬೇಡುವ ವಿದ್ಯುತ್ತನ್ನು ಹಳೆಯ ಡೈನಮೊ ಕೊಡಲಾರದು. ಹೆಚ್ಚಿದ ಒತ್ತಡವನ್ನು ಹಳೆಯ ಬೆಸುಗೆ ತಾಳಲಾರದು.

ಕೊನೆಗೆ ಕಾರನ್ನು ದೇವನಹಳ್ಳಿಯಲ್ಲೇ ಬೆಸುಗೆ ಕೆಲಸದ ಹಿರಿಯರೊಬ್ಬರ ಮುಂದೆ ನಿಲ್ಲಿಸಿದೆ. "ಹೊಸದೇನೂ ಬೇಡಿ ಸ್ವಾಮಿ, ಇರೋದಕ್ಕೆ ಉಸಿರಾಡೋಕೆ ದಾರಿ ಮಾಡೋಣ" ಎಂದರು. ರೇಡಿಯೇಟರಿನ ಮೇಲಿನ ತೊಟ್ಟಿಯ ಬೆಸುಗೆ ಬಿಡಿಸಿ, ಒಂದೊಂದು ಕೊಳವೆಯೊಳಗೂ ತೆಳುವಾದ ಸಲಾಕೆ ಆಡಿಸಿದರು. ಉದುರಿದ ಸುಣ್ಣವನ್ನು ಹಳೆಯ ಪತ್ರಿಕೆಯ ಮೇಲೆ ಹರಡಿ ತೋರಿಸಿ, "ನೀವು ಕುಡಿಯೋ ನೀರೇ ಇದು" ಎಂದರು. ನನಗೆ ಮಾತು ಹೊರಡಲಿಲ್ಲ.

ತೊಟ್ಟಿ ಮತ್ತೆ ಬೆಸೆದುಕೊಂಡಿತು. ರಬ್ಬರು ಕೊಳವೆಗಳು, ಫ್ಯಾನ್ ಬೆಲ್ಟು, ಅದೇ ಅಳತೆಯ ಹೊಸ ಮುಚ್ಚಳ ಬಂದವು. ಥರ್ಮೋಸ್ಟಾಟ್ ತನ್ನ ಸ್ಥಾನಕ್ಕೆ ಮರಳಿತು. ಬಾವಿಯ ನೀರಿನ ಬದಲು ಬಟ್ಟಿ ಇಳಿಸಿದ ನೀರೂ ಕೂಲೆಂಟೂ ಸೇರಿದವು. ಮರುವಾರ ಕಾರು ಎಲ್ಲಿಯೂ ನಿಲ್ಲದೆ ನಂದಿಯನ್ನೇರಿತು.

ಹಳೆಯದನ್ನು ಉಳಿಸಿಕೊಳ್ಳುವುದೆಂದರೆ ಅದಕ್ಕೆ ಹೊಸದನ್ನು ತೊಡಿಸುವುದಷ್ಟೇ ಎಂದುಕೊಂಡಿದ್ದೆ. ನಾವೇ ತುಂಬಿದ ಕಸವನ್ನು ಮೊದಲು ತೆಗೆಯಬೇಕೆಂಬುದು ಅಂದು ತಿಳಿಯಿತು. ಈಗ ಪ್ರತಿ ಪ್ರಯಾಣಕ್ಕೂ ಮುನ್ನ, ಎಂಜಿನ್ ಪೂರ್ತಿ ತಣ್ಣಗಿರುವಾಗಲೇ, ಮುಚ್ಚಳ ತೆರೆದು ನೋಡುತ್ತೇನೆ. ಮುಂಗೈಯ ಕಲೆ ಅದನ್ನು ಮರೆಯಗೊಡುವುದಿಲ್ಲ.