ಸೇತುವೆಯಿಂದ ಕಂಡ ನಗರ, ಬೀದಿಯಲ್ಲಿ ಕೇಳಿಸಿದ ನಗರ

(ಬೆಂಗಳೂರಿನ ಯಲಹಂಕ ಸಮೀಪದ ಕೋಗಿಲಿನಲ್ಲಿ, ಮಲೆನಾಡಿನಿಂದ ಬಂದು ಅಲ್ಲಿ ನೆಲೆಸಿರುವವರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕೋಗಿಲು ಎಂಬ ಹೆಸರು ಕೇಳಿದೊಡನೆ ಮಲೆನಾಡಿನ ಕಿವಿಗೆ ಕೋಗಿಲೆಯ ನೆನಪಾಗುವುದು ಸಹಜ. ಆದರೆ ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣದ ಕಡೆಗೆ ಧಾವಿಸುವ ಬಹುಪಾಲು ಜನರಿಗೆ ಈ ಊರು 'ಕೋಗಿಲು ಕ್ರಾಸ್' ಎಂಬ ಒಂದು ತಿರುವು ಮಾತ್ರ. 2007ರಲ್ಲಿ ಯಲಹಂಕ ನಗರಸಭೆ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾಯಿತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾಯಿತು. ರಾಗಿ, ಅವರೆ, ದ್ರಾಕ್ಷಿ ಬೆಳೆಯುತ್ತಿದ್ದ ಈ ಭಾಗದ ಕೆಂಪು ನೆಲ ಆ ಬಳಿಕ ಚದರಡಿಯ ಲೆಕ್ಕಕ್ಕೆ ಬಂತು. ಹಳ್ಳಿಯು ನಗರವಾಗುವ ಇಂತಹ ಅಂಚಿನಲ್ಲಿ ಕುಳಿತು, ನಗರವನ್ನು ರಮ್ಯ ಕವಿಗಳು ಹೇಗೆ ಕಂಡರು ಎಂದು ವಿಚಾರಿಸುವುದು ಇಂದಿನ ಮಾತಿನ ಉದ್ದೇಶ.

ಪರಿಸರದ ಚಿಂತನೆಯಲ್ಲಿ ತೊಡಗಿದವರಿಗೆ ಕವಿತೆಯ ಗೊಡವೆ ಏಕೆ ಎಂಬ ಪ್ರಶ್ನೆ ಏಳಬಹುದು. ನಗರದ ಬಗ್ಗೆ ಜನರ ಮನಸ್ಸಿನಲ್ಲಿ ಮೂಡಿರುವ ಚಿತ್ರವೇ ಮುಂದೆ ನೀರು, ನೆಲ, ರಸ್ತೆಗಳ ಕುರಿತ ತೀರ್ಮಾನಗಳಾಗಿ ರೂಪುಗೊಳ್ಳುತ್ತದೆ. ಮಲೆನಾಡಿನಲ್ಲಿ ಇಂದು ಬೆಂಗಳೂರಿನ ಬಗ್ಗೆ ಎರಡು ಮಾತುಗಳು ಒಂದೇ ಮನೆಯ ಜಗಲಿಯಲ್ಲಿ ಕೇಳಿಬರುತ್ತವೆ. 'ಮಗ ಬೆಂಗಳೂರಿನಲ್ಲಿದ್ದಾನೆ' ಎಂಬ ಹೆಮ್ಮೆಯ ಮಾತು ಒಂದು. 'ಬೆಂಗಳೂರು ನಮ್ಮ ಹೊಳೆಯನ್ನೂ ಕುಡಿಯಲು ಹೊರಟಿದೆ' ಎಂಬ ಸಿಟ್ಟಿನ ಮಾತು ಇನ್ನೊಂದು. ಈ ಇಬ್ಬಗೆ ಹೊಸದಲ್ಲ. ಎರಡು ಶತಮಾನಗಳ ಹಿಂದೆ ಲಂಡನ್ ನಗರವನ್ನು ಕುರಿತು ಬರೆದ ಕವಿಗಳಲ್ಲಿಯೂ ಇದನ್ನು ಕಾಣಬಹುದು.

ಇಂಗ್ಲೆಂಡಿನ ಸರೋವರ ಪ್ರಾಂತದ ಗುಡ್ಡಗಾಡಿನಲ್ಲಿ ಹುಟ್ಟಿ ಬೆಳೆದ ವಿಲಿಯಂ ವರ್ಡ್ಸ್‌ವರ್ತ್ 1802ರ ಜುಲೈ ಕೊನೆಯಲ್ಲಿ ತಂಗಿ ಡೊರೊಥಿಯೊಂದಿಗೆ ಫ್ರಾನ್ಸಿಗೆ ಹೊರಟಿದ್ದನು. ಮುಂಜಾನೆ ಅವರ ಗಾಡಿ ವೆಸ್ಟ್‌ಮಿನ್‌ಸ್ಟರ್ ಸೇತುವೆಯನ್ನು ದಾಟಿತು. ಆ ನೋಟದಿಂದ ಹುಟ್ಟಿದ ಹದಿನಾಲ್ಕು ಸಾಲಿನ ಕವಿತೆ 1807ರಲ್ಲಿ ಪ್ರಕಟವಾಯಿತು. ಬೆಟ್ಟ ಕಣಿವೆಗಳ ಮೇಲೆ ಬೀಳುವ ಬಿಸಿಲಿಗೂ ನಗರದ ಗೋಪುರಗಳ ಮೇಲೆ ಬಿದ್ದ ಬಿಸಿಲಿಗೂ ಭೇದವಿಲ್ಲವೆಂದು, ಇಂತಹ ಪ್ರಶಾಂತಿಯನ್ನು ತಾನು ಹಿಂದೆಂದೂ ಅನುಭವಿಸಿಲ್ಲವೆಂದು ಗುಡ್ಡಗಾಡಿನ ಕವಿ ಅದರಲ್ಲಿ ಒಪ್ಪಿಕೊಳ್ಳುತ್ತಾನೆ. ಮನೆಗಳ ಮೇಲೆ ಎಂದಿನ ಹೊಗೆಯ ಮುಸುಕು ಇರಲಿಲ್ಲವೆಂಬುದನ್ನು ಡೊರೊಥಿಯ ದಿನಚರಿಯೂ ದಾಖಲಿಸಿದೆ.

ಅದೇ ಸೇತುವೆಯ ಆಚೆ ದಡದಲ್ಲಿರುವುದು ಲ್ಯಾಂಬೆತ್. 1790ರ ದಶಕದಲ್ಲಿ ಅಲ್ಲಿ ವಾಸವಾಗಿದ್ದ ವಿಲಿಯಂ ಬ್ಲೇಕ್ ಎಂಬ ಕೆತ್ತನೆಗಾರ ಕವಿ 1794ರಲ್ಲಿ 'ಲಂಡನ್' ಎಂಬ ಕವಿತೆಯನ್ನು ಹೊರತಂದನು. ಬ್ಲೇಕ್ ಗಾಡಿಯಲ್ಲಿ ಹಾದುಹೋಗುವವನಲ್ಲ, ಬೀದಿಯಲ್ಲಿ ನಡೆಯುವವನು. ನೋಡುವುದಕ್ಕಿಂತ ಕೇಳುವುದೇ ಅವನಲ್ಲಿ ಹೆಚ್ಚು. ಹೊಗೆಗೂಡಿಗೆ ಇಳಿದು ಮಸಿ ಗುಡಿಸುವ ಬಾಲಕನ ಕೂಗು, ಸೈನಿಕನ ನಿಟ್ಟುಸಿರು, ನಡುರಾತ್ರಿಯ ಬೀದಿಯಲ್ಲಿ ಎಳೆಯ ವೇಶ್ಯೆಯ ಶಾಪ ಅವನ ಕಿವಿಗೆ ಬೀಳುತ್ತವೆ. ಬೀದಿಗಳಿಗೂ, ಕೊನೆಗೆ ಹರಿಯುವ ಥೇಮ್ಸ್ ನದಿಗೂ ಸನ್ನದಿನ ಮುದ್ರೆ ಬಿದ್ದಿದೆ ಎಂಬುದು ಅವನ ಮುಖ್ಯ ಆಕ್ಷೇಪ. ಸನ್ನದು ಎಂದರೆ ಪ್ರಭುತ್ವ ಕೊಡುವ ಹಕ್ಕಿನ ಪತ್ರ. ಅದು ಕೆಲವರಿಗೆ ಹಕ್ಕು ಕೊಡುವಾಗಲೇ ಉಳಿದವರನ್ನು ಹೊರಗಿಡುತ್ತದೆ.

ಈ ಇಬ್ಬರಲ್ಲಿ ಯಾರು ಸರಿ? ಕೃಷಿ ಪ್ರಯೋಗಗಳಲ್ಲಿ ಮಣ್ಣಿನ ತೇವವನ್ನು ಅಳೆಯುವವರು ಯಾವ ಹೊತ್ತಿನಲ್ಲಿ, ಎಷ್ಟು ಆಳದಲ್ಲಿ ಅಳೆದದ್ದೆಂದು ಮೊದಲು ಬರೆದಿಡುತ್ತಾರೆ. ಅದಿಲ್ಲದ ಅಂಕಿಗೆ ಅರ್ಥವಿಲ್ಲ. ಕವಿತೆಗಳನ್ನೂ ಹಾಗೆಯೇ ಓದಬೇಕಾಗುತ್ತದೆ. ವರ್ಡ್ಸ್‌ವರ್ತ್ ಕಂಡದ್ದು ಒಲೆಗಳು ಇನ್ನೂ ಹೊತ್ತದ, ದುಡಿಯುವವರು ಇನ್ನೂ ಏಳದ ಮುಂಜಾನೆಯನ್ನು. ಬ್ಲೇಕ್ ಕೇಳಿದ್ದು ದುಡಿಮೆಯ ಬೀದಿಯನ್ನು ಮತ್ತು ನಡುರಾತ್ರಿಯನ್ನು. ಇಬ್ಬರ ಸಾಕ್ಷ್ಯವೂ ನಿಜ. ಆದರೆ ಜನ ಮಲಗಿರುವಾಗ ಮಾತ್ರ ನಗರ ಸುಂದರವಾಗಿ ಕಾಣುವುದಾದರೆ, ಆ ಸೌಂದರ್ಯ ಸಾಲದು ಎಂಬುದು ಎರಡನ್ನೂ ಒಟ್ಟಿಗೆ ಓದಿದಾಗ ಹೊಳೆಯುವ ವಿಚಾರ.

ವರ್ಡ್ಸ್‌ವರ್ತ್‌ಗೆ ನಗರದ ಇನ್ನೊಂದು ಮುಖ ತಿಳಿದಿರಲಿಲ್ಲವೆಂದಲ್ಲ. 1800ರಲ್ಲಿ ಪ್ರಕಟವಾದ 'ಮೈಕೆಲ್' ಎಂಬ ಕವಿತೆಯಲ್ಲಿ ಮುದಿ ಕುರುಬನೊಬ್ಬ ಸಾಲದ ಹೊರೆಯಿಂದ ಪಿತ್ರಾರ್ಜಿತ ಭೂಮಿಯನ್ನು ಉಳಿಸಿಕೊಳ್ಳಲು ಒಬ್ಬನೇ ಮಗನನ್ನು ನಗರಕ್ಕೆ ಕಳುಹಿಸುತ್ತಾನೆ. ಮಗ ಅಲ್ಲಿ ದಾರಿ ತಪ್ಪಿ ದೇಶಾಂತರ ಹೋಗುತ್ತಾನೆ. ತಂದೆ ಮಗ ಸೇರಿ ಕಟ್ಟಬೇಕೆಂದಿದ್ದ ಕುರಿದೊಡ್ಡಿ ಕೊನೆಗೂ ಪೂರ್ತಿಯಾಗುವುದಿಲ್ಲ. ಅಡಿಕೆ ತೋಟದ ಸಾಲಕ್ಕೆ ಮಗನ ಸಂಬಳವನ್ನು ಎದುರು ನೋಡುವ ಮಲೆನಾಡಿನ ಮನೆಗಳಿಗೆ ಈ ಕತೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಅದೇ ವರ್ಷ ಪ್ರಕಟವಾದ ಬಡ ಸೂಸನ್‌ಳ ಕವಿತೆ ಕೋಗಿಲಿನವರಿಗೆ ಇನ್ನೂ ಹತ್ತಿರದ್ದು. ಲಂಡನ್ನಿನ ಬೀದಿಯ ಮೂಲೆಯಲ್ಲಿ ತೂಗುಹಾಕಿದ ಪಂಜರದ ಹಕ್ಕಿಯೊಂದು ಹಾಡುತ್ತದೆ. ಹಳ್ಳಿಯಿಂದ ಬಂದ ಸೂಸನ್‌ಳಿಗೆ ಒಂದು ಗಳಿಗೆ ವ್ಯಾಪಾರದ ಬೀದಿಯಲ್ಲಿಯೇ ಬೆಟ್ಟ, ನದಿ, ತನ್ನ ಗುಡಿಸಲು ಕಾಣಿಸುತ್ತವೆ, ಮರುಗಳಿಗೆ ಮಾಯವಾಗುತ್ತವೆ. ಮೊದಲ ಮುದ್ರಣದಲ್ಲಿ ಆಕೆಯನ್ನು ಊರಿಗೆ ಮರಳಿ ಹೋಗೆಂದು ಕರೆಯುವ ಒಂದು ನುಡಿ ಕೊನೆಗಿತ್ತು. ಮುಂದಿನ ಆವೃತ್ತಿಗಳಲ್ಲಿ ಕವಿಯೇ ಅದನ್ನು ತೆಗೆದುಹಾಕಿದನು. ಇದು ಸಣ್ಣ ತಿದ್ದುಪಡಿಯಲ್ಲ. ಊರಿನಲ್ಲಿ ಬದುಕಿಗೆ ದಾರಿ ಇಲ್ಲದೆ ಬಂದವರಿಗೆ 'ಹಿಂದಿರುಗಿ' ಎನ್ನುವುದು ಸುಲಭ. ಹಿಂದಿರುಗಲು ಅಲ್ಲಿ ಏನು ಉಳಿದಿದೆ ಎಂಬ ಪ್ರಶ್ನೆಗೆ ಆ ಕರೆಯಲ್ಲಿ ಉತ್ತರವಿರುವುದಿಲ್ಲ.

ಇದೇ ಕವಿ 1844ರಲ್ಲಿ ತನ್ನ ಸರೋವರ ಪ್ರಾಂತಕ್ಕೆ ಬರಲಿದ್ದ ಕೆಂಡಲ್–ವಿಂಡರ್‌ಮಿಯರ್ ರೈಲು ಮಾರ್ಗವನ್ನು ವಿರೋಧಿಸಿ ಪತ್ರಿಕೆಗೆ ಬರೆದನು. ಪರಿಸರ ಹೋರಾಟದ ಆದಿಪಾಠಗಳಲ್ಲಿ ಅದೂ ಒಂದೆಂದು ಎಣಿಸುವವರಿದ್ದಾರೆ. ಆದರೆ ನಗರದ ಕಾರ್ಮಿಕರನ್ನು ಗುಂಪುಗುಂಪಾಗಿ ಅಲ್ಲಿಗೆ ಕರೆತಂದರೆ ಅವರಿಗೆ ಪ್ರಯೋಜನವಾಗದು ಎಂಬ ವಾದವೂ ಆ ಬರಹದಲ್ಲಿ ಸೇರಿತ್ತು. ಬೆಟ್ಟವನ್ನು ಪ್ರೀತಿಸುವವರು ಬೀದಿಯ ಜನರನ್ನು ದೂರವಿಡುವ ಅಪಾಯವನ್ನು ಇದು ತೋರಿಸುತ್ತದೆ. ಬೆಟ್ಟಗುಡ್ಡಗಳ ಪರವಾಗಿ ಮಾತನಾಡುವ ಎಲ್ಲ ಸಂಘಟನೆಗಳೂ ನೆನಪಿಡಬೇಕಾದ ಎಚ್ಚರಿಕೆ ಇದು.

ಇನ್ನು ಕನ್ನಡದ ಕಡೆಗೆ ಬರೋಣ. ಬಿ.ಎಂ.ಶ್ರೀ ಅವರ 'ಇಂಗ್ಲಿಷ್ ಗೀತಗಳು' ನವೋದಯ ಕಾವ್ಯಕ್ಕೆ ಹಾದಿ ತೆರೆದ ಸಂಕಲನವೆಂಬುದು ಸರ್ವವಿದಿತ. ಅದರಲ್ಲಿರುವ 'ದುಃಖಸೇತು' ಥಾಮಸ್ ಹುಡ್ ಎಂಬ ಕವಿಯ 1844ರ ರಚನೆಯ ಕನ್ನಡ ರೂಪ. ಮನೆಯಿಲ್ಲದ ಯುವತಿಯೊಬ್ಬಳು ಲಂಡನ್ನಿನ ಸೇತುವೆಯಿಂದ ಧುಮುಕಿ ಪ್ರಾಣ ಬಿಟ್ಟ ಪ್ರಸಂಗ ಅದರ ವಸ್ತು. ವರ್ಡ್ಸ್‌ವರ್ತ್ ಸೌಂದರ್ಯವನ್ನು ಕಂಡದ್ದು ಒಂದು ಸೇತುವೆಯ ಮೇಲೆ. ಕನ್ನಡದ ಓದುಗರು ಮರುಗಿದ್ದು ಇನ್ನೊಂದು ಸೇತುವೆಯ ಕೆಳಗೆ. ಹೊಸಗನ್ನಡ ಕಾವ್ಯದ ಆರಂಭದಲ್ಲಿಯೇ, ಪ್ರಕೃತಿ ಗೀತೆಗಳ ಜೊತೆಜೊತೆಗೆ, ಮಹಾನಗರದ ನಿರ್ದಯತೆಯೂ ದಾಖಲಾಯಿತೆಂಬುದು ಗಮನಾರ್ಹ.

ಆದರೆ ನವೋದಯದ ಕವಿಗಳು ತಮ್ಮದೇ ನಗರಗಳನ್ನು ಕುರಿತು ಬರೆದಾಗ ಚಿತ್ರ ಬೇರೆಯಾಗುತ್ತದೆ. ಕುಪ್ಪಳಿಯಿಂದ ಮೈಸೂರಿಗೆ ಹೋದ ಕುವೆಂಪು ಮಲೆನಾಡಿಗೆ ಮರಳುವ ಹಂಬಲವನ್ನು 'ಹೋಗುವೆನು ನಾ' ಎಂಬ ಕವಿತೆಯಲ್ಲಿ ಹಾಡಿದರು. ಆದರೂ ಅವರು ಬದುಕು ಕಟ್ಟಿಕೊಂಡದ್ದು ಮೈಸೂರಿನಲ್ಲಿಯೇ. ಅಲ್ಲಿ ಕುಕ್ಕರಹಳ್ಳಿ ಕೆರೆಯ ಏರಿ ಅವರ ನಿತ್ಯದ ನಡಿಗೆಯ ದಾರಿಯಾಯಿತು, ಕಾವ್ಯದ ಭಾಗವೂ ಆಯಿತು. ಧಾರವಾಡದ ಬೇಂದ್ರೆಯವರು ಜನರನ್ನು ಕವಿತೆಯ ಮೂಲಕ ಕರೆದದ್ದು ಸಾಧನಕೇರಿಗೆ. ಅದೂ ಕೆರೆಯ ಮಗ್ಗುಲಿನ ಬಡಾವಣೆಯೇ. ಲಂಡನ್ನಿನ ಕವಿಗಳಿಗೆ ನಗರವನ್ನು ನೋಡಲು ಸೇತುವೆ ಇತ್ತು, ಕೇಳಲು ಬೀದಿ ಇತ್ತು. ಕನ್ನಡದ ಕವಿಗಳಿಗೆ ಕೆರೆಯ ಏರಿ ಒದಗಿತು.

ಈ ವ್ಯತ್ಯಾಸ ಏಕೆ ಮುಖ್ಯ? ಏರಿಯ ಮೇಲಿಂದ ಕಾಣುವ ಸೌಂದರ್ಯಕ್ಕೆ ಜನರು ಮಲಗಿರಬೇಕಾದ ಅಗತ್ಯವಿಲ್ಲ. ದನಕ್ಕೆ ನೀರು ಕುಡಿಸುವವರು, ಬಟ್ಟೆ ಒಗೆಯುವವರು, ಬಲೆ ಬೀಸುವವರು, ಹುಲ್ಲು ಕೊಯ್ಯುವವರು ಎಲ್ಲರೂ ಆ ಚಿತ್ರದ ಒಳಗೇ ಇರುತ್ತಾರೆ. ಕೆರೆ ಒಬ್ಬರ ಸೊತ್ತಲ್ಲ. ಅದಕ್ಕೆ ತೂಬು, ಕೋಡಿ, ಕಾಲುವೆಗಳ ಕಟ್ಟಳೆಯಿತ್ತು. ನೀರು ಹಂಚುವ ನೀರುಗಂಟಿ ಇದ್ದನು. ಜಾತಿ ತಾರತಮ್ಯ ಅಲ್ಲಿಯೂ ಇತ್ತೆಂಬುದನ್ನು ಮರೆಮಾಚಲಾಗದು. ಆದರೂ ವರ್ಡ್ಸ್‌ವರ್ತ್ ಕಂಡ ಬೆಳಕೂ ಬ್ಲೇಕ್ ಕೇಳಿದ ಜನರ ದನಿಯೂ ಒಂದೆಡೆ ಕೂಡುವ ಜಾಗ ನಮ್ಮ ನಗರಗಳಲ್ಲಿ ಇದ್ದದ್ದಾದರೆ ಅದು ಕೆರೆಯೇ.

ಬೆಂಗಳೂರು ಕಟ್ಟಿದ ಕೆಂಪೇಗೌಡರದು ಯಲಹಂಕ ನಾಡಪ್ರಭುಗಳ ಮನೆತನ. ಹಾಗೆ ನೋಡಿದರೆ ಇಂದು ಅಂಚು ಎನಿಸಿಕೊಂಡಿರುವ ಈ ನಾಡೇ ನಗರದ ತವರು. ಕೋಗಿಲಿಗೆ ತನ್ನದೇ ಕೆರೆಯಿದೆ. ಸಮೀಪದಲ್ಲಿ ಯಲಹಂಕ, ಜಕ್ಕೂರು, ರಾಚೇನಹಳ್ಳಿ ಕೆರೆಗಳ ಸರಣಿಯಿದೆ. ಜಕ್ಕೂರಿನಲ್ಲಿ ಶುದ್ಧೀಕರಣ ಘಟಕದಿಂದ ಹೊರಬರುವ ನೀರು ಆಪು, ಜೊಂಡು ಬೆಳೆದ ಜೌಗಿನ ಮೂಲಕ ಹಾದು ಕೆರೆ ಸೇರುತ್ತದೆ. ನೀರಿನಲ್ಲಿ ಉಳಿದ ಸಾರಜನಕ, ರಂಜಕಗಳ ಒಂದು ಪಾಲನ್ನು ಸಸ್ಯಗಳ ಬೇರುಗಳೂ ಅಲ್ಲಿನ ಸೂಕ್ಷ್ಮಜೀವಿಗಳೂ ಹೀರಿಕೊಳ್ಳುತ್ತವೆ. ಮೀನುಗಾರರೂ ಮೇವು ಕೊಯ್ಯುವವರೂ ಆ ಕೆರೆಯನ್ನು ನೆಚ್ಚಿದ್ದಾರೆ. ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣ 2010ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಯಲಹಂಕದ ಪುಟ್ಟೇನಹಳ್ಳಿ ಕೆರೆ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲಾಯಿತು. ನಗರದೊಳಗೆ ಪ್ರಕೃತಿ ಉಳಿಯಬಲ್ಲದೆಂಬುದಕ್ಕೆ ಇವು ಸಾಕ್ಷಿ.

ಆದರೆ ಬ್ಲೇಕ್‌ನ ಬೀದಿಯೂ ಇಲ್ಲೇ ಇದೆ. 2025ರ ಡಿಸೆಂಬರ್‌ನಲ್ಲಿ, ಧನುರ್ಮಾಸದ ಚಳಿಯಲ್ಲಿ, ಕೋಗಿಲಿನ ಬಡವರ ನೂರಕ್ಕೂ ಹೆಚ್ಚು ಮನೆಗಳನ್ನು ಯಂತ್ರಗಳು ನೆಲಸಮ ಮಾಡಿದವು. ಅದು ಘನತ್ಯಾಜ್ಯ ವಿಲೇವಾರಿಗೆ ಮೀಸಲಾದ ಸರ್ಕಾರಿ ಜಮೀನು ಎಂಬುದು ಆಡಳಿತದ ಸಮರ್ಥನೆ. ಅರ್ಹರಿಗೆ ಬೇರೆಡೆ ಮನೆ ಕೊಡುವ ಮಾತು ಬಂದದ್ದು ಕೆಡವಿದ ನಂತರ. ಕಾನೂನಿನ ತೀರ್ಮಾನ ಏನೇ ಇರಲಿ, ಪತ್ರವಿಲ್ಲದವರ ಮನೆ ಎಷ್ಟು ಬೇಗ ಇಲ್ಲವಾಗುತ್ತದೆ ಎಂಬುದನ್ನು ಲೋಕ ಕಂಡಿತು. ನಗರ ತನ್ನ ಕಸಕ್ಕೂ ತನ್ನ ಬಡವರಿಗೂ ಒಂದೇ ಜಾಗ ಉಳಿಸಿದ್ದೇಕೆ ಎಂಬ ಪ್ರಶ್ನೆ ಅಲ್ಲಿ ಹಾಗೆಯೇ ಉಳಿಯಿತು.

ಹಕ್ಕುಪತ್ರದ ಈ ಸಂಕಟ ಮಲೆನಾಡಿಗೆ ಅಪರಿಚಿತವಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿ ಕಣಿವೆಯ ಊರುಗಳು ಮುಳುಗಿದವು. ನಾಡಿಗೆ ಬೆಳಕು ಕೊಟ್ಟ ಆ ಸಂತ್ರಸ್ತರಲ್ಲಿ ಅನೇಕ ಕುಟುಂಬಗಳು ತಲೆಮಾರುಗಳ ನಂತರವೂ ಭೂಮಿಯ ಹಕ್ಕಿಗಾಗಿ ಅಲೆಯುತ್ತಿವೆ. ಕೋಗಿಲಿನಲ್ಲಿ ಮನೆ ಕಳೆದುಕೊಂಡವರಿಗೂ ಸಾಗರ ಹೊಸನಗರಗಳ ಮುಳುಗಡೆಯವರಿಗೂ ಭಾಷೆ, ಧರ್ಮ, ಕಸುಬುಗಳಲ್ಲಿ ಎಷ್ಟೇ ಅಂತರವಿರಲಿ, ಪತ್ರವಿಲ್ಲದವರೆಂಬ ನೆಲೆಯಲ್ಲಿ ಅವರು ಒಂದೇ ಸಾಲಿನವರು.

ಇನ್ನು ನೀರಿನ ಮಾತು. ಬೆಂಗಳೂರಿಗೆ ಕಾವೇರಿಯ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ಹಲವು ನೂರು ಅಡಿ ಮೇಲೇರಿ ಬರುತ್ತದೆ. 2024ರ ಬೇಸಿಗೆಯಲ್ಲಿ ನಗರ ತೀವ್ರ ಬವಣೆ ಕಂಡಿತು. ಅದೇ ಅಕ್ಟೋಬರ್‌ನಲ್ಲಿ ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಐದನೆಯ ಹಂತ ಉದ್ಘಾಟನೆಯಾಯಿತು. ಶರಾವತಿಯಿಂದ ನೀರು ತರುವ ಪ್ರಸ್ತಾಪ 2019ರಲ್ಲಿ ಬಂದಾಗ ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ಆ ಪ್ರತಿರೋಧ ನ್ಯಾಯಯುತವೇ. ಆದರೆ ಕೊಳಾಯಿಯ ಮುಂದೆ ಕೊಡ ಹಿಡಿದು ನಿಲ್ಲುವ ಕೋಗಿಲಿನ ಹೆಂಗಸನ್ನು ಶತ್ರುವೆಂದು ಎಣಿಸಿದರೆ ಹೋರಾಟ ಅರ್ಧ ಸೋತಂತೆ. ಆಕೆ ಮಲೆನಾಡಿನ ಮಗಳೇ ಆಗಿರಬಹುದು.

ಆದ್ದರಿಂದ ಇಲ್ಲಿ ನೆಲೆಸಿರುವ ಮಲೆನಾಡಿನವರ ಮುಂದೆ ಒಂದು ವಿಶೇಷ ಹೊಣೆಯಿದೆ. ಮಳೆನೀರು ಹಿಡಿಯುವ ಪ್ರತಿಯೊಂದು ಮನೆ, ಒತ್ತುವರಿಯಿಂದ ಬಿಡಿಸಿದ ಪ್ರತಿಯೊಂದು ರಾಜಕಾಲುವೆ, ಹೂಳೆತ್ತಿ ಶುದ್ಧ ನೀರು ತುಂಬಿದ ಪ್ರತಿಯೊಂದು ಕೆರೆ ಶರಾವತಿಯ ಮೇಲಿನ ಕಣ್ಣನ್ನು ಅಷ್ಟರಮಟ್ಟಿಗೆ ತಪ್ಪಿಸುತ್ತದೆ. ಕೆರೆ ಉಳಿಸುವ ಹೆಸರಿನಲ್ಲಿ ಮೊದಲು ಗುಡಿಸಲುಗಳನ್ನೇ ಹುಡುಕುವ, ದೊಡ್ಡ ಕಟ್ಟಡಗಳ ಮುಂದೆ ನಿಧಾನವಾಗುವ ಕ್ರಮವನ್ನು ಪ್ರಶ್ನಿಸುವುದೂ ಈ ಕೆಲಸದ ಒಂದು ಭಾಗ. ಕೆರೆಗೆ ಬೇಲಿ ಹಾಕಿ ಮೀನುಗಾರರನ್ನೂ ಮೇವಿನವರನ್ನೂ ಹೊರಗಿಟ್ಟು ನಡಿಗೆಯ ಪಥವನ್ನಷ್ಟೇ ಉಳಿಸಿದರೆ ಅದು ಮತ್ತೆ ಸೇತುವೆಯ ಮೇಲಿನ ನೋಟವೇ ಆಗುತ್ತದೆ.

ಹೊಗೆಯಿಲ್ಲದ ಆಕಾಶವನ್ನು ವರ್ಡ್ಸ್‌ವರ್ತ್ ಒಂದು ಮುಂಜಾನೆ ಕಂಡನು. ಎಲ್ಲರೂ ಎದ್ದು ದುಡಿಯುತ್ತಿರುವ ಹಗಲಿನಲ್ಲಿಯೂ ಅದು ಕಾಣುವಂತಾಗಬೇಕೆಂದು ಕೇಳುವುದು ಅತಿಯಾಸೆಯಲ್ಲ. ಆ ಹಗಲು ಪತ್ರವಿದ್ದವರಿಗೆ ಮಾತ್ರ ಮೀಸಲಾಗದಂತೆ ನೋಡಿಕೊಳ್ಳುವುದು ಬೆಟ್ಟದ ಜನರಿಗೂ ಬೀದಿಯ ಜನರಿಗೂ ಸೇರಿದ ಕೆಲಸ.