ಮಳೆಯ ಲೆಕ್ಕ ಮನೆಗೆ ಮುಟ್ಟುವ ಹೊತ್ತು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಬೆಂಗಳೂರಿನಲ್ಲಿ ನಿನ್ನ ಕೆಲಸ ಏನು ಎಂದು ಊರಿನಲ್ಲಿ ಅನೇಕರು ಕೇಳುತ್ತಾರೆ. ನಿಲ್ಲದೆ ಹರಿದು ಬರುವ ಮಾಹಿತಿಯನ್ನು ಬಂದ ಹಾಗೆಯೇ ಲೆಕ್ಕ ಹಾಕುವ ವ್ಯವಸ್ಥೆ ಕಟ್ಟುವುದು ನನ್ನ ಕೆಲಸ. ಒಂದು ಕಂಪ್ಯೂಟರಿಗೆ ಆಗದಷ್ಟು ಕೆಲಸವಾದ್ದರಿಂದ ಹಲವು ಕಂಪ್ಯೂಟರುಗಳು ಅದನ್ನು ಹಂಚಿಕೊಳ್ಳುತ್ತವೆ.

ಇಲ್ಲಿ ಎರಡು ಅಳತೆಗಳು ಮುಖ್ಯ. ಲೇಟೆನ್ಸಿ ಎಂದರೆ ಒಂದು ಮಾಹಿತಿ ಹೊರಟಲ್ಲಿಂದ ಮುಟ್ಟುವವರೆಗೆ ಹಿಡಿಯುವ ಸಮಯ. ಥ್ರೂಪುಟ್ ಎಂದರೆ ಒಂದು ಗಂಟೆಯಲ್ಲಿ ಒಟ್ಟು ಎಷ್ಟು ಮಾಹಿತಿ ದಾಟುತ್ತದೆ ಎಂಬುದು. ಸಂತೆ ದಿನದ ಜೀಪನ್ನು ನೆನೆಯಿರಿ. ತುಂಬಿದ ಮೇಲೇ ಹೊರಟರೆ ದಿನಕ್ಕೆ ಹೆಚ್ಚು ಜನ ಊರು ಸೇರುತ್ತಾರೆ, ಆದರೆ ಮೊದಲು ಹತ್ತಿ ಕೂತವರು ಬಹಳ ಹೊತ್ತು ಕಾಯಬೇಕು. ಒಬ್ಬರಿಗಾಗಿ ಹೊರಟರೆ ಅವರಿಗೆ ಬೇಗ, ಉಳಿದವರು ಸಂತೆಯಲ್ಲೇ. ಕಂಪ್ಯೂಟರುಗಳೂ ಮಾಹಿತಿಯನ್ನು ಕಟ್ಟು ಕಟ್ಟಿ ಕಳಿಸುತ್ತವೆ. ಕಟ್ಟು ದೊಡ್ಡದಾದಷ್ಟೂ ಥ್ರೂಪುಟ್ ಹೆಚ್ಚು, ತಡವೂ ಹೆಚ್ಚು.

ಇನ್ನು ಮಿತಿಯ ವಿಷಯ. ಗಂಟೆಗೆ 10 ಚೀಲ ಕಾಫಿ ಹಣ್ಣು ಪಲ್ಪ್ ಮಾಡುವ ಯಂತ್ರಕ್ಕೆ 12 ಚೀಲ ಬರುತ್ತಿದ್ದರೆ ಗಂಟೆಗೆ 2 ಚೀಲ ಉಳಿಯುತ್ತವೆ. 5 ಗಂಟೆಯಲ್ಲಿ 10 ಚೀಲದ ರಾಶಿ. ಆಮೇಲೆ ಬಂದ ಚೀಲ 1 ಗಂಟೆ ಕಾಯಬೇಕು. ಕೊಯ್ಯುವವರನ್ನು ಹೆಚ್ಚಿಸಿದರೆ ರಾಶಿ ಬೆಳೆಯುತ್ತದೆಯೇ ಹೊರತು ಕೆಲಸ ಬೇಗ ಆಗುವುದಿಲ್ಲ. ಎಲ್ಲಕ್ಕಿಂತ ನಿಧಾನದ ಹಂತವೇ ಇಡೀ ಸಾಲಿನ ಮಿತಿ.

ಯಂತ್ರವನ್ನು ಪೂರ್ತಿ ದುಡಿಸುವುದೂ ಸರಿಯಲ್ಲ. ಕೆಲಸ ಏರುಪೇರಾಗಿ ಬರುವಾಗ, ಸರತಿಯ ಸರಳ ಗಣಿತದ ಪ್ರಕಾರ, ಯಂತ್ರ ಅರ್ಧ ಹೊತ್ತು ದುಡಿಯುತ್ತಿದ್ದರೆ ಒಂದು ಕೆಲಸ ಮುಗಿಯಲು ಅದರ ನಿಜವಾದ ಸಮಯದ 2 ಪಟ್ಟು ಬೇಕು. ಶೇ. 90ರಷ್ಟು ದುಡಿಯುತ್ತಿದ್ದರೆ 10 ಪಟ್ಟು, ಶೇ. 95 ಆದರೆ 20 ಪಟ್ಟು. ಸ್ವಲ್ಪ ಶಕ್ತಿಯನ್ನು ಖಾಲಿ ಬಿಡುವುದು ದುಂದಲ್ಲ. ಅದು ಮಳೆಗಾಲಕ್ಕೆ ಕೂಡಿಟ್ಟ ಸೌದೆಯ ಹಾಗೆ.

ನಮ್ಮ ಮಳೆಯೂ ಇಂಥದೇ ಒಂದು ಹರಿವು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ಅವು 15 ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಬೆಂಗಳೂರಿನ ಯಲಹಂಕಕ್ಕೆ ಲೆಕ್ಕ ಕಳಿಸುತ್ತವೆ. ಗಾಜಿನ ಕೇಬಲ್‌ನಲ್ಲಿ ಮಾಹಿತಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಹಾಗಾಗಿ ದೂರದಿಂದ ಆಗುವ ತಡ ಲೆಕ್ಕಕ್ಕಿಲ್ಲ. ತಡವಾಗುವುದು ಎರಡು ತುದಿಗಳಲ್ಲಿ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದಲ್ಲಿ ಗುಡ್ಡ ಜಾರಿದ್ದನ್ನೂ 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದದ್ದನ್ನೂ ನಾವು ಮರೆತಿಲ್ಲ. ಅಂಥ ಮಳೆಯಲ್ಲಿ ಮರ ಬಿದ್ದು ಕರೆಂಟು ಹೋಗುತ್ತದೆ, ಟವರು ನಿಲ್ಲುತ್ತದೆ. ಅಂದರೆ ಮಳೆ ಹೆಚ್ಚಿದಾಗಲೇ ಲೆಕ್ಕ ತಡವಾಗುವ ಸಂಭವವೂ ಹೆಚ್ಚು. ಆಗ ಬಾರದ ಲೆಕ್ಕಕ್ಕೆ ಕಾಯಬೇಕೇ, ಬಂದಷ್ಟರಲ್ಲೇ ಹೇಳಬೇಕೇ? ಕಾದರೆ ಲೆಕ್ಕ ಪೂರ್ಣ, ಎಚ್ಚರಿಕೆ ತಡ. ಬಂದಷ್ಟರಲ್ಲಿ ಮೊದಲು ಹೇಳಿ, ಬಾಕಿ ಬಂದ ಮೇಲೆ ತಿದ್ದಬೇಕು ಎಂಬುದು ನನ್ನ ಅಭಿಪ್ರಾಯ. ಮಾಪಕ ಸುಮ್ಮನಿದ್ದರೆ ಅಲ್ಲಿ ಮಳೆ ಸೊನ್ನೆ ಎಂದು ಬರೆಯಬಾರದು, ‘ಗೊತ್ತಿಲ್ಲ’ ಎಂದು ಬರೆಯಬೇಕು.

ಇನ್ನೊಂದು ತುದಿ ನಮ್ಮದು. ಎಚ್ಚರಿಕೆ ಪಂಚಾಯಿತಿಗೆ ಬಂತು ಎನ್ನೋಣ. ಒಬ್ಬರೇ 40 ಮನೆಗಳಿಗೆ ಫೋನು ಮಾಡಿದರೆ, ಒಂದಕ್ಕೆ 3 ನಿಮಿಷದಂತೆ, ಕೊನೆಯ ಮನೆಗೆ ಸುದ್ದಿ ಮುಟ್ಟುವಾಗ 2 ಗಂಟೆ ಕಳೆದಿರುತ್ತದೆ. ಅಷ್ಟರಲ್ಲಿ ಗುಡ್ಡ ಕಾಯುವುದಿಲ್ಲ. ಅದೇ 40 ಮನೆಗಳನ್ನು 8 ಜನ ಹಂಚಿಕೊಂಡರೆ 15 ನಿಮಿಷ ಸಾಕು. ಹಲವು ಕಂಪ್ಯೂಟರುಗಳು ಕೆಲಸ ಹಂಚಿಕೊಳ್ಳುವುದೂ ಹೀಗೆಯೇ.

ಆದ್ದರಿಂದ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಒಂದು ಕೋರಿಕೆ. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಯಾರು ಯಾವ ಮನೆಗೆ ಹೇಳಬೇಕು, ಫೋನು ಸಿಗದಿದ್ದರೆ ನಡೆದು ಹೋಗುವವರು ಯಾರು ಎಂಬ ಪಟ್ಟಿ ಸಿದ್ಧವಾಗಲಿ. ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟುಗಳಲ್ಲಿ ಬರೆದಿಡುವ ರೂಢಿ ನಮ್ಮಲ್ಲಿ ಹಳೆಯದು. ಶಾಲೆಯ ಅಂಗಳದಲ್ಲಿ ಮಕ್ಕಳೂ ಒಂದು ಮಳೆಮಾಪಕ ಇಟ್ಟು ದಿನವೂ ಬರೆಯಲಿ. ಟವರು ನಿಂತ ದಿನ ಆ ಪುಸ್ತಕವೇ ಊರಿಗೆ ಆಧಾರವಾದೀತು.